ಪಿ ಹಾಕಿದ್ದೆ

ಚಿತ್ರದುರ್ಗ
26-9-2025, ಶುಕ್ರವಾರ

ಮಾನ್ಯ ಗ್ರಾಹಕರಾದ ಶ್ರೀ ಹನುಮಂತರಾಜು ಅವರಿಗೆ ಯಮುನಾ ಮಾಡುವ ನಮಸ್ಕಾರಗಳು.

ಹೀಗೆ ಹೆಸರು ಹಿಡಿದು ಕರೆದೆನೆಂದು ಮುಖ ಗಂಟಿಕ್ಕಬೇಡಿ. ಇಲ್ಲಿ ನನ್ನ ಎದುರಿಗಿರುವ ಕಂಪ್ಯೂಟರಿನಲ್ಲಿ ನೀವು ಇರುವುದೇ ಹಾಗೆ. ಹನುಮಂತರಾಜು, ಹೊಸದುರ್ಗ, ಬಿಳಿ ಕಾರು, ಆಟೋಮ್ಯಾಟಿಕ್, ಸ್ಪಂದಿಸಿಲ್ಲ. ‘ರೀ’ ಎಂದೇ ಶುರು ಮಾಡೋಣವೆಂದುಕೊಂಡೆ. ಆದರೆ ಆ ಒಂದಕ್ಷರ ಕಂಡ ಕೂಡಲೇ ಕಾಗದ ಮಡಚಿ ಗಲ್ಲಾಪೆಟ್ಟಿಗೆಯ ಕೆಳಗೆ ತಳ್ಳುವವರು ನೀವು. ಗ್ರಾಹಕರು ಎಂದರೆ ಅಂಗಡಿ ಇಟ್ಟವರಿಗೆ ಸ್ವಲ್ಪ ಮರ್ಯಾದೆ ಎನಿಸುತ್ತದೆ, ಅರ್ಧ ಪುಟವಾದರೂ ಓದುತ್ತೀರಿ.

ಆ ಅರ್ಧ ಪುಟದಲ್ಲೇ ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಬರುವ ಬುಧವಾರ ಆಯುಧ ಪೂಜೆ. ಅವತ್ತು ಎಂಜಿನ್ ಓಡುತ್ತಿರುವ ಕಾರಿನ ಮುಂದೆ ಅತ್ತೆಯವರನ್ನು ನಿಲ್ಲಿಸಬೇಡಿ. ಆರತಿ ಎತ್ತಲೇಬೇಕೆಂದರೆ ಮೊದಲು ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಅದಕ್ಕೂ ಮೊದಲು, ಸಾಧ್ಯವಾದರೆ ನಾಳೆಯೇ, ಕಾರನ್ನು ಇಲ್ಲಿ ನಮ್ಮ ಸರ್ವಿಸ್ ಸೆಂಟರಿಗೆ ತನ್ನಿ. ರಿಪೇರಿಗೆ ಒಂದು ಪೈಸೆ ಕೊಡಬೇಕಾಗಿಲ್ಲ. ನನ್ನ ಮುಖ ನೋಡಬೇಕಾಗಿಯೂ ಇಲ್ಲ. ನಾನು ಮಹಡಿಯ ಮೇಲೆ ಕೂರುತ್ತೇನೆ, ಗಾಡಿ ಒಪ್ಪಿಸುವುದು ಕೆಳಗೆ.

ಇಷ್ಟನ್ನು ಮಾಡಿ. ಉಳಿದದ್ದನ್ನು ಓದಿ, ಬಿಡಿ, ನಿಮ್ಮಿಷ್ಟ. ನಾನಂತೂ ಬರೆದೇ ತೀರುತ್ತೇನೆ. ಬೆಳಿಗ್ಗೆಯಿಂದ ಕುಳಿತಲ್ಲಿ ಕೂರಲು ಆಗುತ್ತಿಲ್ಲ. ಎದ್ದು ಕಿಟಕಿಗೆ ಹೋಗುತ್ತೇನೆ, ಜೋಗಿಮಟ್ಟಿ ಕಡೆಯ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಮತ್ತೆ ಬಂದು ಕೂರುತ್ತೇನೆ. ಈ ಹಾಳೆಯಲ್ಲಿ ಅಕ್ಷರ ಅಲ್ಲಲ್ಲಿ ಬೇರೆ ಬೇರೆ ಥರ ಕಂಡರೆ ಫೋನ್ ಬಂದು ನಡುವೆ ಎದ್ದು ಹೋಗಿದ್ದೆ ಎಂದು ತಿಳಿಯಿರಿ.

ವಿಷಯ ಇಷ್ಟೇ. ನಾವು ತೆಗೆದುಕೊಂಡ ಮಾದರಿಯ ಕಾರುಗಳ ಗೇರಿನಲ್ಲಿ ಒಂದು ದೋಷವಿದೆಯೆಂದು ಕಂಪನಿಯೇ ಒಪ್ಪಿಕೊಂಡಿದೆ. ಎಲ್ಲವನ್ನೂ ವಾಪಸ್ ಕರೆಸಿ ಸರಿಮಾಡಿ ಕೊಡಬೇಕೆಂದು ಈ ತಿಂಗಳ ಮೊದಲ ವಾರ ಆದೇಶ ಬಂತು. ನಮಗೆ ಹೇಳಿಕೊಟ್ಟ ಮಾತಿನಲ್ಲಿ ಅದನ್ನು ದೋಷ ಎನ್ನುವಂತಿಲ್ಲ, ‘ಉಚಿತ ಸುರಕ್ಷತಾ ತಪಾಸಣೆ’ ಎನ್ನಬೇಕು. ನಾನು ನಿಮಗೆ ದೋಷ ಎಂದೇ ಬರೆಯುತ್ತೇನೆ. ನಾವು ಕೈಯಲ್ಲಿ ಹಿಡಿಯುವ ಗೇರ್ ಕಡ್ಡಿಯಿಂದ ಕೆಳಗಿನ ಗೇರ್‌ಬಾಕ್ಸಿಗೆ ಒಂದು ತಂತಿ ಹೋಗುತ್ತದೆ. ಆ ತಂತಿಯ ತುದಿಯನ್ನು ಹಿಡಿದಿಡಲು ಬುಷ್ ಎಂಬ ಒಂದು ಸಣ್ಣ ಪ್ಲಾಸ್ಟಿಕ್ ಬಳೆ ಇದೆ. ಬಿಸಿಗೆ ಅದು ಸವೆದು ಸಡಿಲವಾಗುತ್ತದೆ. ಆಮೇಲೆ ನಾವು ಕಡ್ಡಿಯನ್ನು ಪಿ ಗೆ, ಅಂದರೆ ಪಾರ್ಕಿಂಗಿಗೆ, ತಂದರೂ ಕೆಳಗೆ ಗೇರ್ ಪೂರ್ತಿ ಪಿ ಗೆ ಹೋಗುವುದಿಲ್ಲ, ಅರ್ಧಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ. ಮೇಲೆ ನೋಡಿದರೆ ಪಿ, ಒಳಗೆ ಪಿ ಇಲ್ಲ.

ಇದನ್ನು ಕೆಳಗಿನ ಶೆಡ್ಡಿನ ಮೆಕ್ಯಾನಿಕ್ ಕಾಟಯ್ಯನವರು ಒಂದು ಹಳೆಯ ಬುಷ್ಷನ್ನು ಅಂಗೈಯಲ್ಲಿಟ್ಟು ತೋರಿಸಿದರು. ಉಂಗುರದಷ್ಟೂ ಇಲ್ಲ. ಉಗುರಿನಿಂದ ಒತ್ತಿದರೆ ಪುಡಿಯಾಯಿತು. ನಾನು ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ, ಅವರೇ ‘ಏನಮ್ಮ, ಆರಾಮಿಲ್ವಾ’ ಎಂದು ಕೇಳಿ ಸ್ಟೂಲು ಎಳೆದು ಕೊಟ್ಟರು.

ಅಂದಿನಿಂದ ನಮ್ಮ ಕೆಲಸ ಎಲ್ಲ ಮಾಲೀಕರಿಗೂ ಫೋನ್ ಮಾಡಿ ಗಾಡಿ ತರಿಸುವುದು. ಅದೇನು ಸುಲಭ ಎಂದುಕೊಂಡಿರಾ? ಅರ್ಧ ಜನ ನಾವು ಬಾಯಿ ತೆರೆದರೆ ಮೋಸದ ಫೋನ್ ಎನ್ನುತ್ತಾರೆ. ಹೊಳಲ್ಕೆರೆಯ ಒಬ್ಬ ಮೇಷ್ಟ್ರು, ‘ಓಟಿಪಿ ಯಾವಾಗ ಕೇಳ್ತೀಯಮ್ಮ, ಬೇಗ ಕೇಳು, ನನಗೆ ಕ್ಲಾಸಿಗೆ ಹೊತ್ತಾತು’ ಎಂದರು. ಹಿರಿಯೂರಿನ ಹತ್ತಿರ ಆದಿವಾಲದ ಒಬ್ಬ ಯಜಮಾನರಂತೂ ಕಾರನ್ನು ಕಂಪನಿ ಕಿತ್ತುಕೊಳ್ಳುತ್ತದೆ ಎಂದು ತಿಳಿದು, ‘ಮಗಳ ಮದುವೆ ಮುಗೀಲಿ, ಆಮೇಲೆ ಬೇಕಾದ್ರೆ ತಗಂಡೋಗ್ರಿ’ ಎಂದು ಚೌಕಾಸಿಗೇ ಇಳಿದರು. ಆದರೂ ಅವರೆಲ್ಲ ಕೊನೆಗೆ ಬಂದರು. ಮೇಷ್ಟ್ರು ಬಂದು ಕ್ಷಮೆ ಕೂಡ ಕೇಳಿ ಹೋದರು. ಬರದೇ ಉಳಿದವರಲ್ಲಿ ನೀವೊಬ್ಬರು.

ನನ್ನ ನಂಬರನ್ನು ನೀವು ಬ್ಲಾಕ್ ಮಾಡಿ ಎಷ್ಟೋ ದಿನವಾಯಿತು, ಗೊತ್ತು. ಆಫೀಸಿನ ನಂಬರಿನಿಂದ ಮಾಡಿದೆ. ‘ನಮಸ್ಕಾರ’ ಎಂದು ಮುಗಿಸುವುದರೊಳಗೆ ಇಟ್ಟಿರಿ. ನನ್ನ ದನಿ ಅಷ್ಟು ಬೇಗ ಗುರುತು ಸಿಗುತ್ತದಲ್ಲ ಎಂದು ಒಂದು ಕ್ಷಣ ಸಂತೋಷವೇ ಆಯಿತು, ಸುಳ್ಳೇಕೆ ಹೇಳಲಿ. ಮೊನ್ನೆ ಪಕ್ಕದ ಮೇಜಿನ ಸುಪ್ರಿಯಾಳ ಕೈಲಿ ಮಾಡಿಸಿದೆ. ಅವಳು ಸ್ಪೀಕರಿಗೆ ಹಾಕಿದ್ದಳು. ನೀವು ಏನು ಹೇಳಿದಿರಿ ನೆನಪಿದೆಯೇ? ‘ನಮ್ ಗಾಡಿಗೆ ಏನೂ ಆಗಿಲ್ಲಮ್ಮ. ಆಗಿದ್ದು ಓಡಿಸಿದವರಿಗೆ. ಯಮುನಾ ಪಕ್ಕದಾಗೇ ಕುಂತವ್ಳೆ ಅಂತ ಗೊತ್ತು, ಅವಳಿಗೆ ಹೇಳು ಈ ನಾಟಕ ಬೇಡ ಅಂತ.’ ಸುಪ್ರಿಯಾ ನನ್ನ ಮುಖ ನೋಡಲಾರದೆ ನೀರು ಕುಡಿಯಲು ಎದ್ದು ಹೋದಳು. ನಿಮ್ಮ ಹೆಸರಿನ ಮುಂದೆ ‘ಸ್ಪಂದಿಸಿಲ್ಲ’ ಎಂದು ನಾನೇ ಟೈಪು ಮಾಡಿದೆ.

ಹಾಗಾಗಿ ಈ ಕಾಗದ. ಸಂಜೆಯ ಹೊಸದುರ್ಗದ ಬಸ್ಸಿನ ಕಂಡಕ್ಟರ್ ಕೊಟ್ರೇಶ್ ಕೈಗೆ ಕೊಡುತ್ತೇನೆ. ನಿಮ್ಮ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಮೋಟಾರಿನ ಬಿಡಿಭಾಗಗಳನ್ನು ತಂದುಕೊಡುವವನೂ ಅವನೇ ಆದ್ದರಿಂದ ಅವನು ಕೊಟ್ಟದ್ದನ್ನು ನೀವು ಒಡೆಯದೆ ಇಡುವುದಿಲ್ಲ. ಅತ್ತೆಯವರ ಸುದ್ದಿ ಹೇಳಿದವನೂ ಅವನೇ. ‘ಏಕಾಂತಮ್ಮಾರಿಗೆ ಕಾಲು ವಾಸಿ ಆಗೈತೆ, ಈ ಸಲ ಗಾಡಿ ಪೂಜೆಗೆ ತಾವೇ ಆರತಿ ಎತ್ತುತಾರಂತೆ’ ಎಂದ. ಅವನು ಒಳ್ಳೆಯ ಸುದ್ದಿ ಎಂದೇ ಹೇಳಿದ. ನಾನು ಬಸ್ ಸ್ಟ್ಯಾಂಡಿನಿಂದ ನೇರ ಆಫೀಸಿಗೆ ಬಂದು ಈ ಹಾಳೆ ತೆಗೆದೆ.

ನಮ್ಮ ಮನೆಯ ಪದ್ಧತಿ ಈ ಕಾರಿಗೆ ಸರಿಹೋಗುವುದಿಲ್ಲ, ಅದನ್ನು ನೀವು ತಿಳಿದುಕೊಳ್ಳಬೇಕು. ಬೇರೆಯವರು ಗಾಡಿ ನಿಲ್ಲಿಸಿ, ಆಫ್ ಮಾಡಿ, ಪೂಜೆ ಮಾಡುತ್ತಾರೆ. ನಮ್ಮಲ್ಲಿ ಎಂಜಿನ್ ಓಡುತ್ತಿರಬೇಕು, ಜೀವ ಇರುವ ಗಾಡಿಗೇ ಆರತಿ ಆಗಬೇಕು. ಯಜಮಾನ ಬಂದು ಕಾಯಿ ಒಡೆಯುವವರೆಗೆ ಬೇರೆ ಯಾರೂ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸುವಂತಿಲ್ಲ. ಈ ಪದ್ಧತಿ ಎಲ್ಲಿಂದ ಬಂತು ಎಂದು ನಾನು ಸೊಸೆಯಾಗಿ ಬಂದ ವರ್ಷ ಮಾವನವರನ್ನೇ ಕೇಳಿದ್ದೆ. ಅವರು ನಕ್ಕು ಹೇಳಿದ್ದರು, ಅವರ ಲಾರಿಯ ಬ್ಯಾಟರಿ ಕೆಟ್ಟಿತ್ತಂತೆ, ಆಫ್ ಮಾಡಿದರೆ ಊರ ಜನವೆಲ್ಲ ಸೇರಿ ನೂಕಬೇಕಿತ್ತಂತೆ, ಅದಕ್ಕೇ ಓಡುತ್ತಿರುವಾಗಲೇ ಪೂಜೆ ಮುಗಿಸುತ್ತಿದ್ದರಂತೆ. ಅವರು ಹೋದ ಮೇಲೆ ಆ ಕೆಟ್ಟ ಬ್ಯಾಟರಿ ನಮ್ಮ ಮನೆಯ ಸಂಪ್ರದಾಯವಾಗಿ ಕುಳಿತಿದೆ. ಲಾರಿಯ ಚಕ್ರಕ್ಕೆ ಅವರು ತಪ್ಪದೆ ಕಲ್ಲು ಕೊಡುತ್ತಿದ್ದರು. ಅದನ್ನು ಮಾತ್ರ ನಾವು ಕಾರು ಬಂದ ಮೇಲೆ ಬಿಟ್ಟೆವು. ಹೊಸ ಗಾಡಿಗೆ ಕಲ್ಲು ಇಟ್ಟರೆ ನೋಡಿದವರು ಏನೆಂದಾರು ಎಂದಿರಿ ನೀವು.

ಈಗ ಹೋದ ವರ್ಷದ ಆ ದಿನ. ಬೇಡವೆಂದರೂ ಬರೆಯಲೇಬೇಕು.

ನೀವು ಒಳಗೆ ಕಾಯಿ ಸುಲಿಯುತ್ತಿದ್ದಿರಿ. ಕಾರನ್ನು ಹಿಂದಿನಿಂದ ತಂದು ಅಂಗಳದ ಇಳಿಜಾರಿನ ಮೇಲೆ ರಸ್ತೆಗೆ ಮುಖ ಮಾಡಿ ನಿಲ್ಲಿಸಲು ನನಗೆ ಹೇಳಿದ್ದಿರಿ. ತಂದೆ. ಬ್ರೇಕ್ ತುಳಿದು ನಿಲ್ಲಿಸಿದೆ. ಪಿ ಹಾಕಿದೆ. ಹ್ಯಾಂಡ್ ಬ್ರೇಕ್ ಎಳೆಯಲಿಲ್ಲ, ಅದನ್ನು ಯಾವತ್ತೂ ಮುಚ್ಚಿಟ್ಟಿಲ್ಲ. ಪೂಜೆಯಾದ ಕೂಡಲೇ ನಿಂಬೆಹಣ್ಣಿನ ಮೇಲೆ ಹರಿಸಬೇಕು, ಎಳೆದರೆ ಮರೆತು ಹಾಗೇ ಓಡಿಸುತ್ತೇವೆ, ಪಿ ಹಾಕಿದರೆ ಗಾಡಿ ಮಲಗಿದ ಹಾಗೆ ಎಂದು ಹೇಳಿಕೊಟ್ಟವರು ನೀವೇ. ಇಳಿದೆ. ಜಗುಲಿಯ ಮೇಲಿದ್ದ ನಿಂಬೆಹಣ್ಣು ತೆಗೆದುಕೊಂಡೆ. ಆಮೇಲಿನದು, ಕಾರಿನ ಮುಂದೆ ಆರತಿ ಹಿಡಿದು ನಿಂತಿದ್ದ ಅತ್ತೆಯವರ ಕೂಗು. ಆರತಿ ತಟ್ಟೆ ರಸ್ತೆಗೆ ಹಾರಿತ್ತು. ಅವರ ಕಾಲು ಬಂಪರಿಗೂ ಗೇಟಿನ ಕಂಬಕ್ಕೂ ನಡುವೆ ಸಿಕ್ಕಿತ್ತು.

ಓಡಿಬಂದು ಒಳಗೆ ಹಾರಿದವರು ನೀವು. ಹ್ಯಾಂಡ್ ಬ್ರೇಕ್ ಎಳೆದಿರಿ, ಗೇರನ್ನೂ ಹಿಂದೆ ಮುಂದೆ ಎಳೆದಾಡಿದಿರಿ. ಅದಕ್ಕೂ ಮೊದಲು ಗೇರ್ ಎಲ್ಲಿತ್ತು ಎನ್ನುವುದು ನಿಮಗೂ ಗೊತ್ತಿರಲು ಸಾಧ್ಯವಿಲ್ಲ. ಆದರೂ ಇಡೀ ಬೀದಿಯೆದುರು ‘ಇವಳು ಪಿ ಹಾಕೇ ಇಲ್ಲ’ ಎಂದಿರಿ. ಆಸ್ಪತ್ರೆಯಲ್ಲಿ ಅದನ್ನೇ ಹೇಳಿದಿರಿ, ನೋಡಲು ಬಂದ ನೆಂಟರಿಗೂ ಅದನ್ನೇ ಹೇಳಿದಿರಿ. ಕೋಪದಿಂದಲೂ ಅಲ್ಲ. ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆ, ಸಮಾಧಾನದಿಂದ.

ನಿಮ್ಮದನ್ನೂ ನಾನು ಯೋಚಿಸಿದ್ದೇನೆ. ದಿನ ಬೆಳಗಾದರೆ ಸುಟ್ಟ ಮೋಟಾರು ಹೊತ್ತುಕೊಂಡು ಜನ ನಿಮ್ಮ ಅಂಗಡಿಗೆ ಬರುತ್ತಾರೆ. ‘ನಾನೇನೂ ಮಾಡ್ಲಿಲ್ಲ ರಾಜಣ್ಣ, ಅದೇ ಸುಟ್ಟೋತು’ ಎನ್ನದವರು ಒಬ್ಬರಿಲ್ಲ. ಬಿಚ್ಚಿ ನೋಡಿದರೆ ನೀರಿಲ್ಲದೆ ಓಡಿಸಿರುತ್ತಾರೆ. ಅದನ್ನು ನೋಡಿ ನೋಡಿ ನಿಮಗೆ ಒಂದು ತೀರ್ಮಾನವಾಗಿದೆ, ಯಂತ್ರ ತಾನಾಗಿ ತಪ್ಪು ಮಾಡುವುದಿಲ್ಲ, ಮನುಷ್ಯರು ಮಾಡಿ ಅದರ ಮೇಲೆ ಹಾಕುತ್ತಾರೆ. ನಾನೂ ಅವತ್ತು ‘ಪಿ ಹಾಕಿದ್ದೆ, ಅದೇ ಹೋಯಿತು’ ಎಂದಾಗ ನಿಮಗೆ ನಾನು ಇನ್ನೊಬ್ಬ ಗಿರಾಕಿಯಂತೆ ಕಂಡೆ. ಕಂಡಿರಲಿ. ಆದರೆ ಗಿರಾಕಿಯ ಮೋಟಾರನ್ನಾದರೂ ನೀವು ಬಿಚ್ಚಿ ನೋಡುತ್ತೀರಿ. ಈ ಕಾರನ್ನು ಒಂದು ಸಲವೂ ಬಿಚ್ಚಿಸಲಿಲ್ಲ.

ಒಂದು ಫೋನ್ ಬಂದಿತ್ತು. ಹೋಗಿ ಬಂದೆ. ಎಲ್ಲಿದ್ದೆ?

ನಾನು ಮನೆ ಬಿಟ್ಟದ್ದು ನೀವು ಅಂದ ಮಾತಿಗೆ ಎಂದು ಎಲ್ಲರೂ ತಿಳಿದಿದ್ದಾರೆ. ಅಲ್ಲ. ಮಾತು ಎಷ್ಟು ದಿನ ಉಳಿದೀತು, ನಾನೂ ನಾಲ್ಕು ಅಂದು ಸಮ ಮಾಡುತ್ತಿದ್ದೆ. ಆಮೇಲೆ ನೀವು ಶುರು ಮಾಡಿದ್ದು ಬೇರೆ. ನಾನು ಚಿಲಕ ಹಾಕಿ ಬಂದರೆ ನೀವು ಎದ್ದು ಹೋಗಿ ಮುಟ್ಟಿ ನೋಡುತ್ತಿದ್ದಿರಿ. ನಲ್ಲಿ ನಿಲ್ಲಿಸಿದರೆ ಮತ್ತೊಮ್ಮೆ ತಿರುಗಿಸುತ್ತಿದ್ದಿರಿ. ಬೈಯುತ್ತಿರಲಿಲ್ಲ, ಸದ್ದಿಲ್ಲದೆ ಎದ್ದು ಹೋಗಿ ಬರುತ್ತಿದ್ದಿರಿ. ಒಂದು ಮಧ್ಯಾಹ್ನ ನಾನು ಬಡಿಸಿ ಪಕ್ಕದಲ್ಲಿ ಕುಳಿತಾಗ, ತುತ್ತು ಕೈಯಲ್ಲೇ ಹಿಡಿದು ಎದ್ದು ಹೋಗಿ ಎಡಗೈಯಿಂದ ಗ್ಯಾಸಿನ ಗುಬುಟು ತಿರುಗಿಸಿ ನೋಡಿ ಬಂದು ಊಟ ಮುಂದುವರಿಸಿದಿರಿ. ಸಾರು ಚೆನ್ನಾಗಿದೆ ಎಂದೂ ಹೇಳಿದಿರಿ. ಅವತ್ತೇ ನಾನು ಬಟ್ಟೆ ತುಂಬಿದ್ದು.

ಗೊತ್ತೇ, ಆ ಚಾಳಿ ನನಗೂ ಅಂಟಿದೆ. ಇಲ್ಲಿ ಬಾಡಿಗೆ ಕೋಣೆಗೆ ಬೀಗ ಹಾಕಿ ಬಸ್ ಸ್ಟಾಪಿನವರೆಗೆ ಬಂದು ವಾಪಸ್ ಹೋಗುತ್ತೇನೆ. ಬೀಗ ಹಾಕಿರುತ್ತದೆ. ಮತ್ತೆ ಬರುತ್ತೇನೆ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಮ್ಯಾನೇಜರ್ ಲೇಟಾಗಿದ್ದು ಏಕೆಂದು ಕೇಳಿದರೆ ಟ್ರಾಫಿಕ್ ಎನ್ನುತ್ತೇನೆ. ನನ್ನ ಕೈ ಮಾಡಿದ ಕೆಲಸವನ್ನು ನನ್ನ ಕಣ್ಣೇ ನಂಬದಂತಾಗಿದೆ. ಅವತ್ತು ಪಿ ಹಾಕಿದ್ದು ನನಗೆ ಚೆನ್ನಾಗಿ ನೆನಪಿತ್ತು, ಆ ಕಡ್ಡಿ ‘ಟಕ್’ ಎಂದದ್ದು ಸಹ. ನೀವು ಹೇಳಿ ಹೇಳಿ, ಬಂದವರು ತಲೆಯಾಡಿಸಿ ಆಡಿಸಿ, ಹಾಕಿರಲಿಲ್ಲವೇನೋ ಎಂದು ಅನಿಸತೊಡಗಿತು. ಒಂದು ದಿನ ಅತ್ತೆಯವರ ಹಾಸಿಗೆಯ ಹತ್ತಿರ ಕುಳಿತು ‘ನಾನೇ ಮರೆತಿರಬೇಕು’ ಎಂದೂ ಹೇಳಿದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ಆಮೇಲೆ ಅವರ ಮುಖ ನೋಡಿ ಮಾತಾಡುವ ಧೈರ್ಯವೇ ನನಗೆ ಉಳಿಯಲಿಲ್ಲ.

ಈ ಕೆಲಸ ಹೇಗೆ ಸಿಕ್ಕಿತೆಂದು ನನ್ನ ತವರಿನವರಿಗೆ ಹೇಳಿದ್ದು, ಪತ್ರಿಕೆಯಲ್ಲಿ ನೋಡಿ ಅರ್ಜಿ ಹಾಕಿದೆ ಎಂದು. ನಿಮ್ಮ ಕಿವಿಗೂ ಹಾಗೇ ಬಿದ್ದಿರಬೇಕು. ನಿಜ ಬೇರೆ. ಇನ್ನೊಂದು ಕಡೆ, ಇದಕ್ಕಿಂತ ಹತ್ತಿರದಲ್ಲೇ, ಒಳ್ಳೆಯ ಕೆಲಸವೇ ಇತ್ತು. ಈ ಕಂಪನಿಯ ಕಾರುಗಳು ಬರುವುದು ಇಲ್ಲಿಗೇ ಎಂದು ಇದನ್ನು ಹಿಡಿದೆ. ನಮ್ಮದೇ ಮಾದರಿಯ ಕಾರು ಬಂದಾಗಲೆಲ್ಲ ಊಟ ಬಿಟ್ಟಾದರೂ ಕೆಳಗಿಳಿದು ಹೋಗುತ್ತಿದ್ದೆ. ಮಾಲೀಕರನ್ನು ಮಾತಿಗೆಳೆದು, ನಿಲ್ಲಿಸಿದ ಗಾಡಿ ಯಾವತ್ತಾದರೂ ತಾನಾಗಿ ಹೋಗಿದೆಯೇ ಎಂದು ಕೇಳುತ್ತಿದ್ದೆ. ಹುಚ್ಚಿ ಎಂದುಕೊಂಡಿರಬೇಕು. ಆದೇಶ ಬಂದ ದಿನ ಎಲ್ಲರೂ ಹೆಚ್ಚುವರಿ ಕೆಲಸ ಬಂತೆಂದು ಗೊಣಗಿದರೆ ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಆದರೆ ರೀ (ಬಂದೇಬಿಟ್ಟಿತು ನೋಡಿ), ನಾನು ಗೆದ್ದೆನೆಂದು ಹೇಳಲು ಇದನ್ನು ಬರೆಯುತ್ತಿಲ್ಲ. ಗೆದ್ದೂ ಇಲ್ಲ. ನೀವು ಇಲ್ಲಿಯವರೆಗೆ ಓದಿದ್ದರೆ ಏನು ಹೇಳುತ್ತೀರಿ ಎಂದು ನನಗೆ ಗೊತ್ತು. ದೋಷ ಇರಬಹುದು, ಎಲ್ಲ ಗಾಡಿಗಳಲ್ಲಿ ಇರಬೇಕೆಂದಿಲ್ಲ. ಇದ್ದರೂ ಅವತ್ತು ನೀನು ಪಿ ಹಾಕಿದ್ದೆ ಎನ್ನಲು ಸಾಕ್ಷಿ ಏನು. ಇದನ್ನೇ ನಾನು ಕಾಟಯ್ಯನವರಲ್ಲಿ ಕೇಳಿದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ‘ಮುಂದಕ್ಕೋಗೋ ಡಿ ಒಳಗಿದ್ರೆ ಬ್ರೇಕಿಂದ ಕಾಲೆತ್ತಿದ ಕೂಡ್ಲೆ ಹೊಂಡ್ತೈತಮ್ಮ, ಇಳಿಯಾಕೂ ಬಿಡಲ್ಲ. ಬುಷ್ ಹೋಗಿದ್ರೆ ಹಂಗಲ್ಲ. ಅರ್ಧ ಕಚ್ಕಂಡಿರ್ತೈತೆ, ನಿಂತೈತೆ ಅಂತ ನಂಬ್ಸಿ, ಎಂಜಿನ್ ನಡುಗಿ ನಡುಗಿ ಆಮೇಲೆ ಕಳಚ್ಕಂತೈತೆ.’ ಅಂದರೆ ನಾನು ಇಳಿದ ಮೇಲೆ ಕಾರು ಸ್ವಲ್ಪ ಹೊತ್ತು ನಿಂತಿತ್ತೋ, ಇಲ್ಲ ನಾನು ಕಾಲು ಹೊರಗಿಡುವಾಗಲೇ ಹೊರಟಿತೋ, ಇಷ್ಟು ಗೊತ್ತಾದರೆ ಸಾಕು. ಎಲ್ಲ ಇತ್ಯರ್ಥವಾಗುತ್ತದೆ.

ನನಗೆ ನೆನಪಿಲ್ಲ. ಎಷ್ಟು ತಲೆ ಕೆಡಿಸಿಕೊಂಡರೂ ನಿಂಬೆಹಣ್ಣು ಕೈಯಲ್ಲಿದ್ದದ್ದು, ಆಮೇಲೆ ಕೂಗು, ಇಷ್ಟೇ. ಜಗುಲಿಗೆ ಓಡಿ ಹೋದೆನೋ ನಡೆದು ಹೋದೆನೋ ಕೂಡ ನೆನಪಿಲ್ಲ. ನೀವು ಒಳಗಿದ್ದಿರಿ. ಅವತ್ತು ಉಟ್ಟ ಹಸಿರು ಸೀರೆಯನ್ನು ತಂದಿದ್ದೇನೆ, ಅದರ ಸೆರಗಿನ ತುದಿಯಲ್ಲಿ ಒಂದು ಗ್ರೀಸಿನ ಕಲೆ, ಎಲ್ಲಿ ಹತ್ತಿತೋ, ಎಷ್ಟು ತಿಕ್ಕಿದರೂ ಹೋಗದು. ಆ ದಿನದಿಂದ ನನ್ನ ಕೈಯಲ್ಲಿ ಉಳಿದದ್ದು ಅದೊಂದೇ.

ಹಾಗಾಗಿ ನನ್ನನ್ನು ನಂಬಿ ಎಂದು ಕೇಳುವುದಿಲ್ಲ. ನಂಬದೆಯೇ ಎಂಜಿನ್ ಆಫ್ ಮಾಡಬಹುದಲ್ಲ. ನಾನು ತಪ್ಪು, ನೀವು ಸರಿ ಎಂದೇ ಇಟ್ಟುಕೊಳ್ಳಿ, ಕಲ್ಲು ಕೊಡಲು ನಿಮಗೇನು ಕಷ್ಟ? ಅತ್ತೆಯವರಿಗೆ ಉಳಿದಿರುವುದು ಒಂದು ಗಟ್ಟಿ ಕಾಲು. ಕಾರನ್ನು ಕೊಂಡ ಹೊಸದರಲ್ಲಿ ಹೊರಕೆರೆದೇವಪುರದ ನರಸಿಂಹಸ್ವಾಮಿ ಗುಡಿಗೆ ನಾವು ಮೂವರೂ ಹೋಗಿದ್ದೆವು, ನಾನೇ ಓಡಿಸಿದ್ದೆ. ಹಿಂದಿನ ಸೀಟಿನಲ್ಲಿ ಕುಳಿತು ಅತ್ತೆ ದಾರಿಯುದ್ದಕ್ಕೂ ಕಂಡವರಿಗೆಲ್ಲ ಕಿಟಕಿಯಿಂದ ಕೈ ಬೀಸಿದ್ದರು, ಗುರುತಿಲ್ಲದವರಿಗೂ. ನೀವು ನನ್ನ ಪಕ್ಕದಲ್ಲಿ ಕುಳಿತು ನಿದ್ದೆ ಹೋಗಿದ್ದಿರಿ. ನಾನು ಓಡಿಸುವಾಗ ನೀವು ನಿದ್ದೆ ಮಾಡಿದ್ದು. ಅದನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೆಂದು ಬರೆಯುವುದಿಲ್ಲ.

ಬಸ್ಸಿಗೆ ಹೊತ್ತಾಗುತ್ತಿದೆ. ಇನ್ನೊಮ್ಮೆ ಬರೆದು ನಿಲ್ಲಿಸುತ್ತೇನೆ: ಎಂಜಿನ್ ಆಫ್, ಹ್ಯಾಂಡ್ ಬ್ರೇಕ್, ಕಲ್ಲು.

ಇಂತಿ,
ಪಿ ಹಾಕಿದ್ದ,
ಯಮುನಾ

ತಾ.ಕ. ಕೊಟ್ರೇಶನ ಬಸ್ಸು ಹೋಯಿತು. ಲಕೋಟೆ ಹಿಡಿದು ಗೇಟಿಗೆ ಬರುವಷ್ಟರಲ್ಲಿ ಎದುರಿಗೆ ಆಟೋ ನಿಂತು ಅತ್ತೆಯವರು ಇಳಿದರು. ಜೊತೆಗೆ ಪಕ್ಕದ ಮನೆಯ ಬರಗೇರಮ್ಮ. ಇವತ್ತು ಕಾಲಿಗೆ ಹಾಕಿದ ರಾಡನ್ನು ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇನೆಂದು ನಿಮಗೆ ಹೇಳಿ ಬಂದಿದ್ದಾರಲ್ಲ, ಆಸ್ಪತ್ರೆಗೆ ಹೋಗಿಯೇ ಇಲ್ಲ. ಮೊನ್ನೆ ಫೋನ್ ಇಟ್ಟ ಮೇಲೆ ಊಟಕ್ಕೆ ಕುಳಿತು ನೀವು ನನ್ನ ನಾಟಕದ ಬಗ್ಗೆ ಗೊಣಗಿದಿರಂತೆ. ಅದನ್ನು ಕೇಳಿ ಬಂದಿದ್ದಾರೆ. ಕೋಲೂರಿಕೊಂಡು ಮಹಡಿ ಹತ್ತಿ ನನ್ನ ಕುರ್ಚಿಯಲ್ಲೇ ಕುಳಿತರು. ಏನು ಬರೆದೀಯ ಓದು ಎಂದರು. ಓದಿದೆ, ಒಂದೆರಡು ಕಡೆ ಹಾರಿಸಿ. ಕಾಟಯ್ಯನವರ ಮಾತಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

‘ಗಾಡಿ ನಿಂತಿತ್ತು’ ಎಂದರು.

ಅವರು ಹೇಳಿದ್ದು ಇಷ್ಟು. ‘ನೀನು ಇಳಿದು ಬಾಗ್ಲು ಹಾಕ್ದೆ. ಸೆರಗು ಬಾಗ್ಲಿಗೆ ಸಿಗಾಕ್ಕಂತು. ಮತ್ತೆ ಬಾಗ್ಲು ತೆಗ್ದು ಬಿಡಿಸ್ಕಂಡೆ, ಕಲೆ ಆತಲ್ಲ ಅಂತ ಬೈಕಂಡೆ, ಆಮೇಲೆ ನಿಂಬೆಹಣ್ಣಿಗೆ ಹೋದೆ. ಅಷ್ಟೊತ್ತೂ ಅದು ಅಲ್ಲಾಡ್ಲಿಲ್ಲ. ಅದರ ಎದುರಿಗೆ ನಿಂತು ನೋಡ್ತಿದ್ದೋಳು ನಾನೊಬ್ಳೇ ಅಲ್ವಾ.’ ಒಂದು ವರ್ಷ ಇದನ್ನು ಯಾರಿಗೂ ಏಕೆ ಹೇಳಲಿಲ್ಲ ಎಂದೆ. ‘ಸೀರೆ ಬಿಡಿಸ್ಕಂಡಿದ್ದಕ್ಕೂ ಗಾಡಿಗೂ ಏನು ಸಂಬಂಧ ಅಂತ ನನಗೇನು ಗೊತ್ತು. ನೀನೇ ಬಂದು ಮರ್ತಿದ್ದೆ ಅಂದಾಗ ಹಂಗಾರೆ ಹಂಗೇ ಇರ್ಬೇಕು ಅನ್ಕಂಡೆ. ಯಾರು ಕೇಳಿದ್ರು ನನ್ನ? ಬಂದವರೆಲ್ಲ ಕಾಲು ಹೆಂಗೈತೆ ಅಂತ ಕೇಳಿದ್ರು’ ಎಂದರು. ನಾನು ಅವರ ಮಡಿಲಲ್ಲಿ ತಲೆ ಇಟ್ಟೆ. ಸುಪ್ರಿಯಾ ಫೋನ್ ಮಾಡುವುದು ಬಿಟ್ಟು ನೋಡುತ್ತಿದ್ದಳು.

ಇದನ್ನು ನೀವೇ ನಿಮ್ಮ ಮಗನಿಗೆ ಹೇಳಿ ಅತ್ತೆ ಎಂದೆ. ಹೇಳುವುದಿಲ್ಲವಂತೆ. ಈ ಕಾಗದವನ್ನು ತಾವೇ ತಂದು ನಿಮ್ಮ ಕೈಗೆ ಕೊಡುತ್ತಾರಂತೆ, ಓದಿ ಮುಗಿಸುವವರೆಗೆ ಎದುರಿಗೆ ಕೂರುತ್ತಾರಂತೆ. ಈಗ ಈ ಸಾಲು ಓದುತ್ತಿರುವಾಗ ಅವರು ಎದುರಿಗೇ ಇರಬೇಕು. ಆಮೇಲೆ ಬುಧವಾರ ಆರತಿ ತಟ್ಟೆ ಹಿಡಿದು ಅದೇ ಜಾಗದಲ್ಲಿ ನಿಲ್ಲುವುದು ಖಂಡಿತವಂತೆ. ಬೇಡವೆಂದು ಕಾಲು ಹಿಡಿದೆ, ಕೇಳಲಿಲ್ಲ. ‘ಆಫ್ ಮಾಡೋದು ಯಜಮಾನನ ಕೆಲಸ, ಮಾಡ್ತಾನೋ ಇಲ್ವೋ ನೋಡಾಣ’ ಎಂದರು.

ಅವರ ಕಾಲಿಗೆ ಹೆಚ್ಚು ಹೊತ್ತು ನಿಲ್ಲಲು ಬಲವಿಲ್ಲ, ಒಬ್ಬರು ಹಿಡಿದುಕೊಳ್ಳಬೇಕು. ಬುಧವಾರ ಬೆಳಿಗ್ಗೆಯ ಬಸ್ಸಿಗೆ ನಾನು ಬರುತ್ತೇನೆ. ಗೇಟಿನ ಕಂಬದ ಹತ್ತಿರ ಅವರ ಪಕ್ಕದಲ್ಲಿ, ಹಸಿರು ಸೀರೆಯಲ್ಲಿ ನಾನಿರುತ್ತೇನೆ. ಕೀಲಿ ನಿಮ್ಮ ಕೈಯಲ್ಲಿರುತ್ತದೆ.